ಬಿಡು ಎಂಬ ಗುಂಡಿ

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸ್ವಲ್ಪ ಸುಲಭ. ಶಾಲೆಯಲ್ಲಿ ಹಾಜರಿ ಕೂಗುವಾಗ ನನ್ನ ಹೆಸರು ಬರುವ ಮೊದಲೇ ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ಆದರೂ ‘ಎಸ್ ಸಾರ್’ ಅನ್ನುವುದು ಬಾಯಿಂದ ಹೊರಗೆ ಬರುತ್ತಿರಲಿಲ್ಲ. ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೂ ಅಷ್ಟೆ. ಸೂಪರ್‌ವೈಸರ್ ದೂರದಲ್ಲಿ ಬೇರೆ ಯಾರನ್ನೋ ಬೈಯುತ್ತಿದ್ದರೆ ಇಲ್ಲಿ ನನ್ನ ಕೈಯ ಸ್ಪ್ಯಾನರ್ ಜಾರುತ್ತಿತ್ತು. ಇಂಥ ನಾನು ಒಂದು ಕಾಲದಲ್ಲಿ, ಮುಖವನ್ನೇ ನೋಡದ ನೂರಾರು ಜನರ ಎದುರು ಜೋರಾಗಿ ವಾದ ಮಾಡಿ ಗೆದ್ದಿದ್ದೆ ಅಂದರೆ ನಮ್ಮ ಮನೆಯವರು ಇವತ್ತಿಗೂ ನಂಬುವುದಿಲ್ಲ. ಗೆಲ್ಲದೇ ಇದ್ದಿದ್ದರೆ ಚೆನ್ನಾಗಿತ್ತು.

ರಾಮನಗರ ಇನ್ನೂ ಜಿಲ್ಲೆಯಾಗಿರದ ದಿನಗಳು ಅವು. ಮೈಸೂರು ರಸ್ತೆಯ ಉದ್ದಕ್ಕೂ ಹಿಪ್ಪುನೇರಳೆ ತೋಟಗಳ ಪಕ್ಕದಲ್ಲೇ ಕಾರ್ಖಾನೆಗಳ ಕಾಂಪೌಂಡುಗಳು ಏಳುತ್ತಿದ್ದವು. ಐಟಿಐ ಮುಗಿಸಿ ಅಂಥ ಒಂದು ಕಾಂಪೌಂಡಿನೊಳಗೆ ಫಿಟ್ಟರ್ ಆಗಿದ್ದೆ. ಬೆಳಗಿನ ಪಾಳಿ ಮುಗಿಸಿ ರಾಮನಗರದಲ್ಲಿ ಕಂಪನಿ ಬಸ್ಸಿನಿಂದ ಇಳಿದರೆ ಎದುರಿಗೇ ಒಂದು ಇಂಟರ್‌ನೆಟ್ ಸೆಂಟರ್. ಪ್ಲೈವುಡ್ಡಿನ ಆರು ಗೂಡುಗಳು, ಬಾಗಿಲಿನ ಬದಲು ಹೂವಿನ ಚಿತ್ರದ ಪರದೆ. ಮನೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇತ್ತು, ಇಂಟರ್‌ನೆಟ್ ಇರಲಿಲ್ಲ. ಯಾವುದೋ ಮಾಸಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯನ್ನು ಅದಕ್ಕೆ ಹಾಕಿದಾಗ ಪರದೆಯ ಮೇಲೆ ಕನ್ನಡ ಬಂತು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಬಿದ್ದುಕೊಂಡಿದ್ದವು. ಆದರೂ ಕನ್ನಡ. ಉಳಿದರ್ಧವನ್ನು ಕನ್ನಡ ಮಾಡುವುದಕ್ಕೆ ಯಾರು ಬೇಕಾದರೂ ಬರಬಹುದು ಎಂದು ಒಂದು ಬಳಗದ ವಿಳಾಸ ಕೊಟ್ಟಿದ್ದರು. ಹಾಗೆ ಸೇರಿಕೊಂಡೆ.

ಬಳಗ ಅಂದರೆ ಬರೀ ಇಮೇಲುಗಳು. ಅವರು ಅದಕ್ಕೆ ಮಿಂಚಂಚೆ ಅನ್ನುತ್ತಿದ್ದರು. ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತದೆ, ಎಲ್ಲರ ಉತ್ತರವೂ ಎಲ್ಲರಿಗೂ ಬರುತ್ತದೆ. ಇಂಜಿನಿಯರುಗಳು, ಕಾಲೇಜು ಮೇಷ್ಟ್ರುಗಳು, ಬ್ಯಾಂಕಿನವರು, ಇನ್ನೂ ಓದುತ್ತಿರುವವರು. ಯಾರಿಗೂ ಸಂಬಳವಿಲ್ಲ. ಎಲ್ಲರಿಗೂ ಒಂದೇ ಹುಚ್ಚು: ಕಂಪ್ಯೂಟರಿನಲ್ಲಿ ಕಾಣುವ ಪ್ರತಿಯೊಂದು ಇಂಗ್ಲಿಷ್ ಪದಕ್ಕೂ ಒಂದು ಕನ್ನಡ ಪದ ಕೂರಿಸಬೇಕು. ಪರದೆಯ ಮೇಲೆ ಒತ್ತುವ ಬಟನ್ನಿಗೆ ಗುಂಡಿ ಅನ್ನಬೇಕೋ ಬೇಡವೋ ಎಂದು ಒಂದು ವಾರ ಜಗಳವಾಡಿದ್ದರು. ಗುಂಡಿ ಅಂದರೆ ಹಳ್ಳ ಅಂತಲೂ ಆಗುತ್ತದಲ್ಲ ಎಂದು ಯಾರೋ ಅಂದರು. ಕೊನೆಗೆ ಗುಂಡಿಯೇ ಉಳಿಯಿತು.

ನಾಲ್ಕು ತಿಂಗಳು ನಾನು ಬರೀ ಓದಿದೆ. ಬರೆಯಲು ಹೆದರಿಕೆ. ನಾನು ಫಿಟ್ಟರ್ ಎಂದು ಗೊತ್ತಾದರೆ ಏನಂದುಕೊಳ್ಳುತ್ತಾರೋ, ಸ್ಪೆಲ್ಲಿಂಗ್ ತಪ್ಪಿದರೆ ನೂರಾರು ಜನ ನೋಡುತ್ತಾರಲ್ಲ. ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯುವುದು, ಸಂಜೆ ಅದನ್ನು ಟೈಪು ಮಾಡುವುದು, ಕಳಿಸುವ ಹೊತ್ತಿಗೆ ಅಳಿಸಿ ಎದ್ದು ಬರುವುದು. ಸೆಂಟರಿನ ಒಡತಿ ಒಂದು ದಿನ ಹೂವಿನ ಪರದೆ ಸರಿಸಿ ನೋಡಿ, “ಏನ್ಸಾರ್, ದಿನಾ ಬರೀತೀರಿ, ದಿನಾ ಒರೆಸ್ತೀರಿ, ಲವ್ ಲೆಟ್ರಾ?” ಎಂದು ನಕ್ಕರು. ಆ ಅವಮಾನಕ್ಕೆ ಅವತ್ತು ಮೊದಲ ಸಲ ಕಳಿಸಿಬಿಟ್ಟೆ. ಯಾರೂ ನನ್ನನ್ನು ತಿನ್ನಲಿಲ್ಲ. ಒಬ್ಬರು ‘ಸ್ವಾಗತ’ ಅಂದರು. ಮೂರು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಧೈರ್ಯ ಬಂತು. ಬಂತು ಅಂದರೆ ಹೇಗೆ, ಕೂಡಿಟ್ಟ ಧೈರ್ಯವೆಲ್ಲ ಒಂದೇ ಕಡೆ ಸುರಿಯಿತು. ನನಗೆ ಒಂದು ಬಿರುದೂ ಸಿಕ್ಕಿತು: ‘ನಮ್ಮ ಹಳ್ಳಿ ಪ್ರತಿನಿಧಿ’. ಜನ ಯಾವುದಕ್ಕೆ ಏನನ್ನುತ್ತಾರೆ ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಕಾರ್ಖಾನೆಯಲ್ಲಿ ನನ್ನ ಕಡೆ ಯಾರೂ ಯಾವುದಕ್ಕೂ ತಿರುಗುತ್ತಿರಲಿಲ್ಲ.

ಆ ಪದ ಬಂದದ್ದು ಆಗ. ಬರೆದದ್ದನ್ನು ಉಳಿಸದೆ ಕಡತ ಮುಚ್ಚಲು ಹೋದರೆ ಪರದೆಯ ಮೇಲೆ ಒಂದು ಚೌಕ ಬರುತ್ತದಲ್ಲ, ‘ಬದಲಾವಣೆಗಳನ್ನು ಉಳಿಸಬೇಕೆ?’ ಎಂದು ಕೇಳುವುದು. ಕೆಳಗೆ ಮೂರು ಗುಂಡಿ. ಮೊದಲನೆಯದು ‘ಉಳಿಸು’, ಕೊನೆಯದು ‘ರದ್ದು ಮಾಡು’. ನಡುವಿನದು ಬರೆದದ್ದನ್ನೆಲ್ಲ ಎಸೆದು ಮುಚ್ಚುವ ಗುಂಡಿ. ಅದಕ್ಕೆ ಏನನ್ನಬೇಕು? ಒಬ್ಬರು ‘ತ್ಯಜಿಸು’ ಅಂದರು. ಇನ್ನೊಬ್ಬರು ‘ತಿರಸ್ಕರಿಸು’. ನನಗೆ ಮೈ ಉರಿಯಿತು. ನಮ್ಮ ಕಡೆ ‘ತ್ಯಜಿಸಿ’ ಅನ್ನುವುದು ಆಸ್ಪತ್ರೆ ಗೋಡೆಯ ಬೀಡಿ ಸಿಗರೇಟಿನ ಬೋರ್ಡಿನಲ್ಲಿ ಮಾತ್ರ ಇರುವುದು, ಅದನ್ನು ಓದಿ ಯಾರೂ ಏನನ್ನೂ ತ್ಯಜಿಸಿಲ್ಲ ಎಂದು ಬರೆದೆ. ‘ಬಿಡು’ ಅನ್ನಿ. ಎರಡಕ್ಷರ. ದನ ಕಾಯುವವರಿಗೂ ಅರ್ಥವಾಗುತ್ತದೆ.

ಉತ್ತರ ಕರ್ನಾಟಕದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೇಡಂ ಒಬ್ಬರು ಮಾತ್ರ ಮೆತ್ತಗೆ ಒಂದು ಸಾಲು ಬರೆದರು: “‘ಇರಲಿ ಬಿಡು’ ಅಂತಲೂ ಜನ ಅನ್ನುತ್ತಾರಲ್ಲವೇ? ಇದ್ದದ್ದು ಇದ್ದ ಹಾಗೆ ಇರಲಿ ಎಂದು ಯಾರಾದರೂ ತಿಳಿದರೆ?” ಅದಕ್ಕೆ ನಾನು ಕೊಟ್ಟ ಉತ್ತರ ಇವತ್ತಿಗೂ ಅಕ್ಷರಕ್ಕಕ್ಷರ ನೆನಪಿದೆ. “ಮೇಡಂ, ನೀವು ಹಳ್ಳಿ ಜನರ ಜೊತೆ ಕೂತು ಮಾತಾಡಿ ಎಷ್ಟು ವರ್ಷವಾಯಿತು?” ಹತ್ತಾರು ಜನ ನಗುವ ಮುಖಗಳನ್ನು ಕಳಿಸಿದರು. ಬಿಡದಿಯವರು ‘ಬಿಡು’ ಅನ್ನುವುದನ್ನು ಬಿಡುವವರಲ್ಲ ಎಂದು ಒಬ್ಬರು ತಮಾಷೆ ಮಾಡಿದರು. ಮೇಡಂ ಮತ್ತೆ ಬರೆಯಲಿಲ್ಲ. ಪದ ಒಪ್ಪಿಗೆಯಾಯಿತು. ಹುಟ್ಟಿದಾಗಿನಿಂದ ನಾನು ಗೆದ್ದ ಮೊದಲ ವಾದ ಅದು.

ನನ್ನ ಅಣ್ಣ ಅತ್ತಿಗೆ ಇದ್ದದ್ದು ಕನಕಪುರದಾಚೆ ಕೋಡಿಹಳ್ಳಿಯ ಕಡೆ. ಅಣ್ಣ ಬೇಸಾಯ ನೋಡಿಕೊಳ್ಳುತ್ತಿದ್ದ. ಅತ್ತಿಗೆ ನರ್ಸು, ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು, ಉಳಿದ ಐದು ದಿನ ಅತ್ತಿಗೆಯೇ ಎಲ್ಲ. ಯಾರೋ ಆಸ್ಪತ್ರೆಗೆ ಹಳೆಯ ಕಂಪ್ಯೂಟರೊಂದನ್ನು ದಾನ ಕೊಟ್ಟಿದ್ದರು. ಅದು ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿತ್ತು. ನಾನು ಒಂದು ಭಾನುವಾರ ಹೋಗಿ, ಬಿಡುಗಡೆಗೆ ಮೊದಲು ಪರೀಕ್ಷೆಗೆಂದು ಬಳಗದವರಿಗೆ ಕೊಟ್ಟಿದ್ದ ಕನ್ನಡದ ಆವೃತ್ತಿಯನ್ನು ಅದಕ್ಕೆ ತುಂಬಿದೆ. ಅತ್ತಿಗೆ ಇಂಗ್ಲಿಷ್ ಕಂಡರೆ ಮಾರು ದೂರ ಹಾರುತ್ತಿದ್ದವರು, ಕನ್ನಡ ನೋಡಿ ಹತ್ತಿರ ಬಂದರು. “ಎಲ್ಲ ನಮ್ ಬಾಸೇಲೇ ಐತಲ್ಲಪ್ಪ!” ಎಂದು ಪರದೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಇದರಲ್ಲಿ ನನ್ನ ಪದಗಳೂ ಇವೆ ಎಂದು ಬಾಯಿಯ ತುದಿಗೆ ಬಂದಿತ್ತು. ಹೇಳಲಿಲ್ಲ. ಜಂಬ ಕೊಚ್ಚಿಕೊಳ್ಳಬಾರದು ಅಂದುಕೊಂಡೆ. ಹೇಳಿದ್ದರೆ ಮುಂದೆ ಬಚ್ಚಿಟ್ಟುಕೊಳ್ಳುವುದಕ್ಕೆ ಜಾಗವೇ ಇರುತ್ತಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಆಸ್ಪತ್ರೆಯಲ್ಲಿ ಸುತ್ತಲ ಹಳ್ಳಿಗಳ ಬಸುರಿಯರಿಗೆ ಎರಡು ದಿನ ಪರೀಕ್ಷೆ ಇಟ್ಟರು. ಮೂವತ್ತೆರಡು ಹೆಂಗಸರು. ಅತ್ತಿಗೆ ರಕ್ತ ತೆಗೆದು ಸೀಸೆಗಳಿಗೆ ಬರೀ ನಂಬರ್ ಅಂಟಿಸಿ ಕನಕಪುರದ ಲ್ಯಾಬಿಗೆ ಕಳಿಸಿದರು. ಯಾವ ನಂಬರ್ ಯಾರದು, ಯಾವ ಹಳ್ಳಿ, ಗಂಡ ಯಾರು ಅನ್ನುವುದನ್ನು ನೇರವಾಗಿ ಕಂಪ್ಯೂಟರಿನಲ್ಲಿ ಬರೆದಿಟ್ಟರು. ಕಾಗದದಲ್ಲಿ ಬರೆಯಲಿಲ್ಲ, ಕಂಪ್ಯೂಟರ್ ಇದ್ದ ಮೇಲೆ ಮತ್ಯಾಕೆ ಪುಸ್ತಕ ಎಂದು ಅವರಿಗೆ ಹೇಳಿದವನೂ ನಾನೇ.

ಹದಿನೈದು ದಿನದ ಮೇಲೆ ಒಂದು ಮಂಗಳವಾರ, ಪಾಳಿ ಮುಗಿಸಿ ಬಸ್ಸಿಳಿಯುವಾಗ ಮೊಬೈಲ್ ಹೊಡೆದುಕೊಂಡಿತು. ಅತ್ತಿಗೆ.

“ಕಂಪ್ಯೂಟರ್‌ನಲ್ಲಿ ಒಂಬತ್ತೇ ಹೆಸ್ರೈತೆ ಕಣಪ್ಪ. ಮಿಕ್ಕಿದ್ದು ಎಲ್ಲೂ ಕಾಣ್ತಿಲ್ಲ. ಒಸಿ ಬಂದು ನೋಡು.”

ಬೈಕ್ ತೆಗೆದುಕೊಂಡು ಹೋದೆ. ಮೊದಲ ದಿನದ ಒಂಬತ್ತು ಹೆಸರು ಇದ್ದವು. ಎರಡನೇ ದಿನದ ಇಪ್ಪತ್ತಮೂರು ಇರಲಿಲ್ಲ. ಮೊದಲ ದಿನ ಫೋನಿನಲ್ಲಿ ನನ್ನನ್ನು ಕೇಳಿಕೊಂಡು ‘ಉಳಿಸು’ ಒತ್ತಿದ್ದರು. ಎರಡನೇ ದಿನ ಸ್ವಂತ ಬುದ್ಧಿಯಿಂದ ಮುಚ್ಚಿದ್ದರು. ಮುಚ್ಚುವಾಗ ಏನು ಬಂತು, ಏನನ್ನು ಒತ್ತಿದಿರಿ ಎಂದು ಕೇಳಿದೆ.

“ಬದಲಾವಣೆ ಉಳಿಸಬೇಕಾ ಅಂತ ಕೇಳ್ತು. ನಾನೇನು ಬದಲಾವಣೆ ಮಾಡಿರ್ನಿಲ್ಲ, ಹೊಸದಾಗಿ ಬರೆದಿದ್ದೆ ಅಷ್ಟೆ. ನಡುವೆ ಬುಡು ಅಂತ ಇತ್ತು. ಬರೆದಿರೋದು ಬರೆದಂಗೇ ಇರ್ಲಿ ಅಂತ ಬುಟ್ಟೆ.”

ಆ ಮೇಡಂ ಬರೆದ ಸಾಲು ಇಡೀ ಕಣ್ಣ ಮುಂದೆ ಬಂತು. ಅವರು ಹೇಳಿದ್ದು ನಮ್ಮ ಅತ್ತಿಗೆಯ ಬಾಯಿಂದ, ನಮ್ಮೂರ ಮಾತಿನಲ್ಲಿ ಬರುತ್ತಿತ್ತು. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು. “ನಾನು ತಪ್ಪು ಒತ್ಬುಟ್ನಾ?” ಅಂದರು.

ನಾನು ‘ಹೂಂ’ ಅಂದೆ. ಅಷ್ಟೇ ಅಂದದ್ದು. ಗುಂಡಿಯ ಮೇಲೆ ಆ ಪದ ಕೂರಿಸಿದವನು ನಾನು ಅನ್ನಲಿಲ್ಲ.

ಏನು ಹೋಯಿತು ಅನ್ನುವುದು ಆಗಲೂ ನನಗೆ ಪೂರ್ತಿ ಗೊತ್ತಿರಲಿಲ್ಲ. ಅತ್ತಿಗೆ ಅವತ್ತು ಬಂದಿದ್ದ ಲ್ಯಾಬಿನ ಚೀಟಿ ತೋರಿಸಿದರು. ಮೂವತ್ತೆರಡರಲ್ಲಿ ಇಪ್ಪತ್ತೇಳನೇ ನಂಬರಿನವಳ ರಕ್ತದ ಗುಂಪು ಮಾತ್ರ ನೆಗೆಟಿವ್. ತಾಯಿಯದು ನೆಗೆಟಿವ್ ಆಗಿ ಮಗುವಿನದು ಪಾಸಿಟಿವ್ ಆದರೆ ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲವಂತೆ. ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಒಂದು ಇಂಜೆಕ್ಷನ್ ಬೀಳಬೇಕು. ಬೀಳದಿದ್ದರೆ ತಾಯಿಯ ರಕ್ತವೇ ಎರಡನೇ ಮಗುವಿಗೆ ವೈರಿಯಾಗಬಹುದು, ಹೊಟ್ಟೆಯಲ್ಲೇ ಹೋಗಿಬಿಡಬಹುದು. ಚೀಟಿಯಲ್ಲಿ ಹೆಸರಿಲ್ಲ. ಇಪ್ಪತ್ತೇಳು ಅಂದರೆ ಯಾರು?

ಲ್ಯಾಬಿಗೆ ಫೋನ್ ಮಾಡಿದೆವು. ಅವರ ಪುಸ್ತಕದಲ್ಲೂ ನಂಬರ್ ಮಾತ್ರ. ಸೀಸೆಗಳನ್ನು ಆಗಲೇ ಎಸೆದಾಗಿತ್ತು.

ಅತ್ತಿಗೆಗೆ ಹೆಸರುಗಳು ಅಲ್ಪಸ್ವಲ್ಪ ನೆನಪಿದ್ದವು, ಕ್ರಮ ನೆನಪಿರಲಿಲ್ಲ. ಬುಧವಾರ ನಾನು ಕಾರ್ಖಾನೆಗೆ ಜ್ವರವೆಂದು ಸುಳ್ಳು ಹೇಳಿದೆ. ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹಳ್ಳಿಹಳ್ಳಿ ಸುತ್ತಿದೆ. ಸಿಕ್ಕವರ ರಕ್ತವನ್ನು ಮತ್ತೆ ಪರೀಕ್ಷೆ ಮಾಡುವುದು ಒಂದು ದಾರಿ, ಆದರೆ ಆಗಲೇ ಹೆತ್ತವರು ಯಾರಾದರೂ ಇದ್ದರೆ ಅವರನ್ನು ಮೊದಲು ಹುಡುಕಬೇಕಿತ್ತು. ಅದಕ್ಕೆ ಅತ್ತಿಗೆ ಒಂದು ಉಪಾಯ ಮಾಡಿದರು. ಸಾಲನ್ನೇ ಮತ್ತೆ ಕಟ್ಟುವುದು. ಪ್ರತಿ ಮನೆಯ ಮುಂದೆ ನಿಂತು ಒಂದೇ ಪ್ರಶ್ನೆ: ಅವತ್ತು ನಿನ್ನ ಮುಂದೆ ಯಾರು ನಿಂತಿದ್ದರು, ಹಿಂದೆ ಯಾರಿದ್ದರು?

ಹೆಂಗಸರಿಗೆ ಎಲ್ಲ ನೆನಪಿತ್ತು. ಹೆಸರಲ್ಲ, ಬೇರೆ ಥರ. “ನನ್ ಮುಂದೆ ಹಸ್ರು ಸೀರೆಯೋಳು, ಸೂಜಿ ನೋಡಿ ಅತ್ಬುಟ್ಲಲ್ಲ, ಅವ್ಳು.” “ನನ್ ಹಿಂದೆ ಅತ್ತೆ ಕರ್ಕೊಂಡು ಬಂದಿದ್ಲಲ್ಲಕ್ಕ, ಹುಣಿಸೆಹಣ್ಣು ಚೀಪ್ತಿದ್ದೋಳು.” ಅತ್ತಿಗೆ ನೋಟ್‌ಬುಕ್ಕಿನಲ್ಲಿ ಒಬ್ಬರ ಪಕ್ಕ ಒಬ್ಬರನ್ನು ಬರೆಯುತ್ತಾ ಹೋದರು. ನಾನು ಪಕ್ಕದಲ್ಲಿ ಬೈಕಿನ ಕೀ ತಿರುಗಿಸುತ್ತಾ ನಿಂತಿರುತ್ತಿದ್ದೆ. ಒಂದೊಂದು ಹೆಸರು ಸಿಕ್ಕಾಗಲೂ, ದೇವರೇ ಇಪ್ಪತ್ತೇಳನೆಯವಳು ಇನ್ನೂ ಹೆತ್ತಿರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಕಬ್ಬಾಳಿನ ಹತ್ತಿರ ಹೋದಾಗ ಅತ್ತಿಗೆ ಗಾಡಿ ನಿಲ್ಲಿಸು ಅಂದರು. ಗುಡಿಯ ಕಡೆ ತಿರುಗಿ ರಸ್ತೆಯಲ್ಲೇ ಕೈಮುಗಿದರು. ಇಳಿಯಲಿಲ್ಲ, ಹೊತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಸಾಲು ಸೇರಿತು. ಇಪ್ಪತ್ತೇಳು ಅಂದರೆ ಆ ಹುಣಿಸೆಹಣ್ಣಿನವಳು. ಮನೆಯ ಮುಂದೆ ಅವಳ ಅತ್ತೆ ರಾಗಿ ಕೇರುತ್ತಿದ್ದರು.

“ಚೊಚ್ಚಲಲ್ವಾ, ತೌರಿಗೆ ಹೋಗವ್ಳೆ. ಸೋಮವಾರ ಹೊತ್ತಾರೆನೇ ಹೆರಿಗೆ ಆಯ್ತಂತೆ, ಗಂಡು ಮಗ. ನೆಂಟ್ರು ಬಂದು ಹೇಳ್ಬುಟ್ಟು ಹೋದ್ರು” ಎಂದು ಆ ಹೆಂಗಸು ನಗುನಗುತ್ತಾ ನಮಗೆ ಸಕ್ಕರೆ ಕೊಡಲು ಒಳಗೆ ಹೋದರು. ಮೊದಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ ಅನ್ನುವುದು ನಮಗೆ ಹೊಳೆಯದೇ ಹೋಯಿತಲ್ಲ ಎಂದು ನಾನೂ ಅತ್ತಿಗೆಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೈಯಲ್ಲಿ ಸಕ್ಕರೆ ಬಿತ್ತು. ತಿನ್ನಲೇಬೇಕಾಯಿತು. ತವರು ಎಲ್ಲಿ? ಮಾಗಡಿಯಾಚೆ, ಕುದೂರಿನಿಂದ ಒಳಗೆ. ನಾವು ನಿಂತಿದ್ದ ಕಡೆಯಿಂದ ತಾಲ್ಲೂಕುಗಳೇ ದಾಟಿಹೋಗಬೇಕು. ಆ ಮನೆಯಲ್ಲಿ ಫೋನಿಲ್ಲ.

ಅತ್ತಿಗೆ ಡಾಕ್ಟರಿಗೆ ಫೋನ್ ಮಾಡಿದರು. ಅವರು ಮೊದಲು ಬೈದರು, ಅದು ನನಗೂ ಕೇಳಿಸಿತು. ಆಮೇಲೆ, ಮೂರು ದಿನ ದಾಟಿಹೋಗಿದೆ, ಆದರೂ ಹೋಗಿ ಕೊಡಿ, ಕೆಲಸ ಮಾಡಬಹುದು, ಮಾಡದೆಯೂ ಇರಬಹುದು, ಎರಡನೇ ಸಲ ಬಸುರಾದಾಗಲೇ ಗೊತ್ತಾಗುವುದು ಅಂದರು. ಅತ್ತಿಗೆ “ಸರಿ ಸಾರ್, ತಪ್ಪಾಯ್ತು ಸಾರ್, ನನ್ನಿಂದ್ಲೇ ಆಯ್ತು ಸಾರ್” ಅನ್ನುತ್ತಲೇ ಇದ್ದರು. ಬೈಗುಳ ಮುಗಿದು ಫೋನ್ ಕಟ್ಟಾದ ಮೇಲೂ ಒಂದು ಸಲ ಅಂದರು.

ಕನಕಪುರದ ಔಷಧಿ ಅಂಗಡಿಗಳಲ್ಲಿ ಆ ಇಂಜೆಕ್ಷನ್ ಇರಲಿಲ್ಲ. ರಾಮನಗರದಲ್ಲಿ ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು. ತಣ್ಣಗಿಡಬೇಕಿತ್ತು. ನಾನು ಕಾರ್ಖಾನೆಗೆ ಕಾಫಿ ಒಯ್ಯುವ ಫ್ಲಾಸ್ಕನ್ನು ತೊಳೆದು, ಹಣ್ಣಿನ ರಸದ ಅಂಗಡಿಯಿಂದ ಐಸ್ ತುಂಬಿಸಿಕೊಂಡು ಅದರಲ್ಲಿಟ್ಟೆವು. ಮಾಗಡಿ ರಸ್ತೆಯ ತಿರುವುಗಳಲ್ಲಿ ಅತ್ತಿಗೆ ಒಂದು ಕೈಯಲ್ಲಿ ನನ್ನ ಭುಜ, ಇನ್ನೊಂದರಲ್ಲಿ ಫ್ಲಾಸ್ಕನ್ನು ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದರು. ಹೇಳಿಬಿಡಬೇಕು ಎಂದು ಮೂರು ಸಲ ಬಾಯಿ ತೆರೆದೆ. ಒಂದು ಸಲ ಲಾರಿ ಅಡ್ಡ ಬಂತು. ಇನ್ನೆರಡು ಸಲ ಏನೂ ಅಡ್ಡ ಬರಲಿಲ್ಲ, ನನ್ನ ಹೆದರಿಕೆಯೇ ಸಾಕಾಯಿತು.

ಮಾಗಡಿಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ ಅತ್ತಿಗೆ ಬಂಕಿನ ಕಟ್ಟೆಯ ಮೇಲೆ ಕೂತುಬಿಟ್ಟರು. “ಹನ್ನೊಂದು ವರ್ಸದ ಸರ್ವೀಸು. ಒಂದು ಮಗೂಗೆ ಒಂದು ಮಾತ್ರೆ ತಪ್ಪು ಕೊಟ್ಟೋಳಲ್ಲ ನಾನು. ಓದೋಕ್ ಬರ್ದಿರೋಳು ಒತ್ತಿದಂಗೆ ಒತ್ಬುಟ್ನಲ್ಲಪ್ಪ” ಎಂದು ಅತ್ತರು.

“ಕಂಪ್ಯೂಟರೇ ಹಂಗೆ ಅತ್ಗೆ, ಯಾರಿಗಾದ್ರೂ ಆಗ್ತದೆ” ಅಂದೆ. ಇಷ್ಟು ನಾಚಿಕೆಗೆಟ್ಟ ಮಾತನ್ನು ನಾನು ಬದುಕಿನಲ್ಲಿ ಇನ್ನೊಂದು ಆಡಿಲ್ಲ.

ಆ ಮನೆ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ. ಅತ್ತಿಗೆ ಫ್ಲಾಸ್ಕ್ ತೆಗೆದುಕೊಂಡು ಒಳಗೆ ಹೋದರು, ನಾನು ಜಗುಲಿಯಲ್ಲಿ ನಿಂತೆ. ಬಾಣಂತಿಯ ಅಜ್ಜಿ ಬಾಗಿಲಲ್ಲಿ ಕೂತಿದ್ದರು. ಅವರಿಗೆ ಅನುಮಾನ. ಮೊಮ್ಮಗಳು ಚೆನ್ನಾಗಿದ್ದಾಳೆ, ಮಗು ಚೆನ್ನಾಗಿದೆ, ಎಲ್ಲಿಂದಲೋ ಸೂಜಿ ಹಿಡಿದುಕೊಂಡು ಯಾಕೆ ಬಂದರು?

“ನಿಂಗೇನಾಗ್ಬೇಕಪ್ಪ ನಮ್ ಹುಡ್ಗಿ?” ಎಂದು ಕೇಳಿದರು.

ಏನೂ ಆಗಬೇಕಿಲ್ಲ ಅಜ್ಜಿ, ನರ್ಸಮ್ಮನ ಜೊತೆ ಬಂದೆ ಅಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮತ್ಯಾಕೆ ಹಂಗೆ ನಡುಗ್ತೀಯ?” ಅಂದರು. ಗಟ್ಟಿಯಾಗಿ ಕಂಬ ಹಿಡಿದುಕೊಂಡೆ. ಒಳಗೆ ಅತ್ತಿಗೆ ಬರುವಾಗ ಕನಕಪುರದ ಲ್ಯಾಬಿನವರು ಕೊಟ್ಟಿದ್ದ ದ್ರವದ ಹನಿಯಲ್ಲಿ ತಾಯಿಯ ಒಂದು ತೊಟ್ಟು ರಕ್ತ, ಮಗುವಿನ ಒಂದು ತೊಟ್ಟು ರಕ್ತ ಬೇರೆಬೇರೆಯಾಗಿ ಕಲಸಿ ನೋಡುತ್ತಿದ್ದಾರೆ ಎಂದು ಗೊತ್ತಿತ್ತು. ಮಗುವಿನದೂ ನೆಗೆಟಿವ್ ಆದರೆ ಯಾವ ಭಯವೂ ಇಲ್ಲ. ಮಗು ಅತ್ತಿತು. ಸ್ವಲ್ಪ ಹೊತ್ತಾದ ಮೇಲೆ ತಾಯಿ ‘ಸ್’ ಅಂದದ್ದು ಕೇಳಿಸಿತು. ಸೂಜಿ ಚುಚ್ಚಿದ್ದರು. ಅಂದರೆ ಮಗುವಿನದು ಪಾಸಿಟಿವ್.

ಮಾರನೆಯ ದಿನ ಇಂಟರ್‌ನೆಟ್ ಸೆಂಟರಿನ ಗೂಡಿನಲ್ಲಿ ಕೂತು ಬಳಗಕ್ಕೆ ಬರೆದೆ. ಬಿಡುಗಡೆಗೆ ಹತ್ತು ದಿನ ಉಳಿದಿತ್ತು. ಅದು ಸಿ.ಡಿ.ಯಾಗಿ ಎಷ್ಟು ಶಾಲೆ, ಎಷ್ಟು ಆಸ್ಪತ್ರೆಗಳಿಗೆ ಹೋಗುತ್ತಿತ್ತೋ. ಒಂದೊಂದು ಪದಕ್ಕೂ ಎರಡು ತಪ್ಪು. ಆದರೂ ಎಲ್ಲ ಬರೆದೆ. ಅತ್ತಿಗೆ, ಇಪ್ಪತ್ತೇಳನೇ ನಂಬರ್, ನಾಲ್ಕನೇ ದಿನ, ಮೇಡಂ ಮೊದಲೇ ಹೇಳಿದ್ದರು ಅನ್ನುವುದು, ನಾನು ಅವರನ್ನು ಆಡಿಕೊಂಡದ್ದು. ಕ್ಷಮಿಸಿ ಅಂದೆ. ಕಳಿಸಿ, ಉತ್ತರ ಬರುವವರೆಗೆ ಕೂರಲು ಧೈರ್ಯವಾಗದೆ ಎದ್ದು ಬಂದೆ. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ತೆರೆದಾಗ ಮೂವತ್ತಕ್ಕೂ ಹೆಚ್ಚು ಉತ್ತರಗಳಿದ್ದವು. ಬೈಗುಳ ಹುಡುಕಿದೆ, ಸಿಗಲಿಲ್ಲ. ಗುಂಡಿಯ ಪದವನ್ನು ಅವತ್ತೇ ‘ಉಳಿಸದೆ ಮುಚ್ಚು’ ಎಂದು ಬದಲಾಯಿಸಿದ್ದರು. ಒತ್ತಿದರೆ ಬರೆದದ್ದು ಅಳಿಸಿಹೋಗುತ್ತದೆ ಎಂಬ ಒಂದು ಸಾಲನ್ನೂ ಮೇಲೆ ಸೇರಿಸಿದ್ದರು. ಮೇಡಂ ಬರೆದದ್ದು ಒಂದೇ ಪ್ರಶ್ನೆ: “ಆ ತಾಯಿ ಈಗ ಹೇಗಿದ್ದಾರೆ?” ನಾನು ಪರದೆಯ ಮುಂದೆ ಕೂತು ಅತ್ತೆ. ಹೂವಿನ ಪರದೆ ಸರಿಸಿ ನೋಡಿದ ಸೆಂಟರಿನ ಒಡತಿ ಈ ಸಲ ತಮಾಷೆ ಮಾಡದೆ ಹಾಗೇ ಮುಚ್ಚಿ ಹೋದರು.

ಮುಖ ಕಾಣದ ಅಷ್ಟು ಜನರ ಮುಂದೆ ಹೇಳಿದ್ದನ್ನು ಮನೆಯ ಒಬ್ಬರ ಮುಂದೆ ಹೇಳಲು ನನ್ನಿಂದ ಆಗಲಿಲ್ಲ. ಬಳಗದಲ್ಲಿ ಕಳಿಸಿ ಎದ್ದು ಓಡಬಹುದಿತ್ತು. ಅತ್ತಿಗೆಯ ಮನೆಯಲ್ಲಿ ಹೇಳಿದ ಮೇಲೆ ಅಲ್ಲೇ ಕೂತು ಊಟ ಮಾಡಬೇಕು. ಇವತ್ತು ಹೇಳುತ್ತೇನೆ, ಹಬ್ಬ ಕಳೆಯಲಿ, ಅಣ್ಣ ಮನೆಯಲ್ಲಿಲ್ಲದಾಗ ಹೇಳುತ್ತೇನೆ. ಹೀಗೆ ದಿನ ಹೋಯಿತು. ಹೋದಷ್ಟೂ ಕಷ್ಟವಾಯಿತು, ಯಾಕೆಂದರೆ ಈಗ ಪದದ ತಪ್ಪಿನ ಜೊತೆಗೆ ಹೇಳದೇ ಇದ್ದದ್ದೂ ಸೇರಿಕೊಂಡಿತ್ತು.

ಅತ್ತಿಗೆ ಕಂಪ್ಯೂಟರಿಗೆ ಮತ್ತೆ ಬಟ್ಟೆ ಹೊದಿಸಿದರು. ಗೀಟು ಹಾಕಿದ ದಪ್ಪ ಪುಸ್ತಕ ತಂದು ಪ್ರತಿಯೊಂದನ್ನೂ ಎರಡೆರಡು ಸಲ ಬರೆಯತೊಡಗಿದರು. ಬರೆದದ್ದನ್ನು ಆಯಾ ಕೈಲಿ ಒಂದು ಸಲ ಗಟ್ಟಿಯಾಗಿ ಓದಿಸಿ, ತಾವೂ ಒಂದು ಸಲ ಓದುತ್ತಿದ್ದರು. ಊಟಕ್ಕೆ ಕೂತವರು ತಟ್ಟನೆ ಎದ್ದು ಚೀಲ ತೆಗೆದು ಪುಸ್ತಕ ಇದೆಯಾ ಎಂದು ಮುಟ್ಟಿ ನೋಡಿ ಬರುತ್ತಿದ್ದರು. ಅಣ್ಣ, “ಇವಳಿಗೇನೋ ಗಾಳಿ ಸೋಕೈತೆ ಕಣ್ಲಾ” ಎಂದು ನಗುತ್ತಿದ್ದ. ನಾನು ತಟ್ಟೆ ನೋಡಿಕೊಂಡು ಮುದ್ದೆ ನುಂಗುತ್ತಿದ್ದೆ.

ಮೂರು ವರ್ಷ ಹೀಗೇ ಕಳೆಯಿತು. ಆ ಹುಡುಗಿ ಎರಡನೇ ಸಲ ಬಸುರಾದಳು. ಅತ್ತಿಗೆ ಆ ಸುದ್ದಿ ಹೇಳಿದ ದಿನದಿಂದ ನನಗೆ ಸರಿಯಾಗಿ ಹಸಿವಾಗಲಿಲ್ಲ. ನಡುವೆ ತೆಗೆದ ರಕ್ತಪರೀಕ್ಷೆಯಲ್ಲಿ ಸದ್ಯಕ್ಕೆ ತೊಂದರೆ ಕಾಣಿಸುತ್ತಿಲ್ಲ ಅಂದರಂತೆ. ಸದ್ಯಕ್ಕೆ ಅನ್ನುವ ಆ ಒಂದು ಪದವನ್ನು ಹಿಡಿದುಕೊಂಡು ನಾನು ಐದು ತಿಂಗಳು ಹೆದರಿದೆ. ಮೇಡಂ ಆಗಾಗ ನನಗೊಬ್ಬನಿಗೇ ಬರೆದು ವಿಚಾರಿಸುತ್ತಿದ್ದರು. ಒಂದಕ್ಕೂ ಉತ್ತರ ಬರೆಯಲಾಗಲಿಲ್ಲ.

ಹೆರಿಗೆ ಈ ಸಲ ಕನಕಪುರದ ಆಸ್ಪತ್ರೆಯಲ್ಲಿ. ಅತ್ತಿಗೆ ರಜಾ ಹಾಕಿ ಹೋಗಿದ್ದರು. ಬೆಳಿಗ್ಗೆ ಹತ್ತರ ಹೊತ್ತಿಗೆ ಅವರ ಫೋನ್ ಬಂತು: “ಬಾ.” ಅಷ್ಟೇ ಅಂದು ಇಟ್ಟರು. ಕಾರ್ಖಾನೆಯ ಗೇಟಿನಿಂದ ಕನಕಪುರದವರೆಗೆ ಬೈಕ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅತ್ತಿಗೆ ಒಬ್ಬರೇ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಅವರನ್ನು ಹಾಗೆ ನೋಡಿ ನನ್ನ ಕಾಲು ಅಲ್ಲೇ ನಿಂತವು.

“ಹೆಣ್ಮಗು. ಚೆನ್ನಾಗೈತೆ” ಅಂದರು. “ಕಾಮಾಲೆ ಇಲ್ಲ, ರಕ್ತ ಕಮ್ಮಿ ಇಲ್ಲ. ಎರಡು ಸಲ ನೋಡಿಸ್ದೆ. ಏನೂ ಆಗಿಲ್ಲ ಕಣಪ್ಪ.” ಹೇಳುತ್ತಾ ಹೇಳುತ್ತಾ ಅಳು ತಡೆಯಲಾಗದೆ ಅಲ್ಲೇ ಬಾಗಿದರು. “ಮೂರು ವರ್ಸ ಕಣ್ಣು ಮುಚ್ಚಿದ್ರೆ ಸತ್ತ ಮಗೂನೇ ಕಾಣ್ತಿತ್ತು ನಂಗೆ. ಯಾರ ಹತ್ರ ಹೇಳ್ಕೊಳ್ಳಲಿ? ಕೊಂದೋಳು ನಾನೇ ಅಂತ ಹೇಳ್ಕೊಳ್ಳಕ್ಕಾಗ್ತದಾ?”

ಆಗ ಹೇಳಿದೆ. ಆ ಪದ ಬರೆದವನು ನಾನು, ಬೇಡವೆಂದವರನ್ನು ಆಡಿಕೊಂಡವನೂ ನಾನು, ನೀವು ಓದಿದ್ದರಲ್ಲಿ ತಪ್ಪಿರಲಿಲ್ಲ ಅತ್ಗೆ, ನಾನು ಬರೆದದ್ದರಲ್ಲಿ ಇತ್ತು ಅಂದೆ. ಮೊದಲ ದಿನವೇ ಗೊತ್ತಿತ್ತು ಅಂದೆ. ಹೊಡೆದರೆ ಹೊಡೆಯಲಿ ಎಂದು ಮುಖ ಎತ್ತಿಕೊಂಡೇ ನಿಂತಿದ್ದೆ.

ಅತ್ತಿಗೆ ತಲೆಯೆತ್ತಿ ನನ್ನನ್ನು ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ನೀನೂ ಹೆದ್ರುಕೊಂಡಿದ್ಯಾ, ಮೂರು ವರ್ಸ?” ಎಂದು ಕೇಳಿದರು.

ಹೂಂ ಅಂದೆ.

“ಅವತ್ತೇ ಹೇಳಿದ್ರೆ ಇಬ್ರೂ ಒಟ್ಗೆ ಕೂತ್ಕಂಡು ಹೆದ್ರುಕೊಬೋದಿತ್ತಲ್ಲೋ. ನಾನೊಬ್ಳೇ ಹೆದ್ರುಕೊಂಡೆನಲ್ಲೋ.”

ಅಷ್ಟು ಹೇಳಿ ಎದ್ದು, ಮುಖ ಒರೆಸಿಕೊಂಡು, ಬಾಣಂತಿಗೆ ಬಿಸಿನೀರು ತರಲು ಕ್ಯಾಂಟೀನಿನ ಕಡೆ ಹೋದರು. ನಾನೂ ಬರಲಾ ಎಂದು ಕೇಳಿದೆ. ಅವರು ತಿರುಗಿ ನೋಡಲಿಲ್ಲ.